ಅರಳುಮರಳೆಂದು ಕರೆತಂದ ತಾಯಿ

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯ 69 ವರ್ಷದ ತಾಯಿಯೊಬ್ಬರನ್ನು ಮಗ ಮತ್ತು ಸೊಸೆ ಕಾರ್ತಿಕ ಮಾಸದಲ್ಲಿ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕರೆತಂದಾಗ, ಕೂರುವ ಮೊದಲೇ ಮಗ ಹೇಳಿದ ಮಾತು “ಅಮ್ಮನಿಗೆ ಅರಳುಮರಳು ಶುರುವಾಗಿದೆ” ಎಂದು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂತುಬಿಡುತ್ತಾರೆ, ಆರು ತಿಂಗಳಲ್ಲಿ 7 ಕೆ.ಜಿ. ತೂಕ ಇಳಿದಿದೆ ಎಂದರು. ಹೊಟ್ಟೆಯಲ್ಲಿ ಉರಿ ಎಂದು ಮೂವರು ವೈದ್ಯರಿಗೆ ತೋರಿಸಿ ಎಂಡೋಸ್ಕೋಪಿ ಮಾಡಿಸಿದ್ದರೂ ದೋಷವೇನೂ ಕಂಡಿರಲಿಲ್ಲ. ಪತಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಗನಿಗೆ ಅದು ಮುಗಿದ ವಿಷಯವಾಗಿತ್ತು.

ತಾಯಿಯೊಡನೆ ಒಬ್ಬರೇ ಇರುವಾಗ ಮಾತನಾಡಿದೆ. ಇದು ಯಾವ ತಿಂಗಳು, ಈಗ ಹೇಳಿದ ಮೂರು ಪದಗಳು ಯಾವುವು ಎಂದು ಕೇಳಿದರೆ, ಯೋಚಿಸುವ ಪ್ರಯತ್ನವನ್ನೂ ಮಾಡದೆ “ಗೊತ್ತಿಲ್ಲ, ನನ್ನ ಕೈಲಾಗೋದಿಲ್ಲ” ಎಂದು ತಲೆ ತಗ್ಗಿಸಿದರು. ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಇರುವ ಹಿರಿಯರು ಸಾಮಾನ್ಯವಾಗಿ ಏನೋ ಒಂದು ಉತ್ತರ ಕೊಟ್ಟು ಮರೆವನ್ನು ಮುಚ್ಚಿಕೊಳ್ಳಲು ನೋಡುತ್ತಾರೆ. ಮರೆವಿನ ದೂರು ಅವರಿಗಿಂತ ಮನೆಯವರದೇ ಹೆಚ್ಚಿರುತ್ತದೆ. ಇವರಾದರೋ ತಮ್ಮ ಮರೆವನ್ನು ತಾವೇ ಎಳೆಎಳೆಯಾಗಿ ಹೇಳಿಕೊಂಡರು. ಅದು ಮೊದಲಾದ ದಿನವೂ ಅವರಿಗೆ ನೆನಪಿತ್ತು: ಯುಗಾದಿಯಂದು ಹೋಳಿಗೆ ಲಟ್ಟಿಸಲು ನಿಂತವರಿಗೆ ಮುಂದೇನು ಮಾಡಬೇಕೆಂದು ತೋಚಲೇ ಇಲ್ಲವಂತೆ. ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಮಾಪನದಲ್ಲಿ 12 ಅಂಕ ಬಂದಿತು; ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಆ ಅಂಕವೊಂದನ್ನೇ ನೆಚ್ಚಿ ನಾನು ನಿರ್ಧರಿಸುವುದಿಲ್ಲವಾದರೂ ಇಲ್ಲಿ ಎಲ್ಲವೂ ಅರಳುಮರಳಿಗಿಂತ ಖಿನ್ನತೆಯ ಕಡೆಗೇ ಬೆರಳು ತೋರುತ್ತಿದ್ದವು.

ಅವರ ಬೆರಳುಗಳನ್ನು ನೋಡಿದೆ. ನಲವತ್ತೈದು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ; ಹೆಬ್ಬೆರಳಿನ ಬದಿಯಲ್ಲಿ ಹಳೆಯ ಗಾಯದ ಗೆರೆಗಳಿದ್ದವು. “ಅವರು ಹೋದ ಮೇಲೆ ಮಗ ಸುಲಿಯೋಕೆ ಕೂರಬೇಡ ಅಂದ. ಕೈ ಸುಮ್ಮನಾಯ್ತು, ತಲೇನೂ ಸುಮ್ಮನಾಯ್ತು” ಎಂದರು. ಮಗ ಅಕ್ಕರೆಯಿಂದಲೇ ಹೇಳಿದ್ದ. ಆದರೆ ಪತಿಯನ್ನು ಕಳೆದುಕೊಂಡ ವರ್ಷದಲ್ಲೇ ಸಂಗಾತಿಯಂತಿದ್ದ ಕೆಲಸವನ್ನೂ, ಸುಲಿಯುವ ಹೆಂಗಸರೊಡನೆ ಕೂತು ಆಡುತ್ತಿದ್ದ ಮಾತುಕತೆಯನ್ನೂ ಅವರು ಕಳೆದುಕೊಂಡಿದ್ದರು. ಈ ಕಾಯಿಲೆಯಲ್ಲಿ ವಯಸ್ಸಿಗಿಂತ ಆ ಶೂನ್ಯದ ಪಾಲೇ ದೊಡ್ಡದು ಎಂಬುದು ನನ್ನ ದೃಢ ಅಭಿಪ್ರಾಯ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಒಳಗೆ ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. “ಒಂದು ದಿನ ಏಳದೇ ಹೋದರೆ ಸಾಕು ಅನ್ನಿಸ್ತದೆ” ಎಂದರು. ಅದಕ್ಕಿಂತ ಮುಂದಿನ ಸಿದ್ಧತೆ ಇರಲಿಲ್ಲ. ಆದರೂ ತೋಟದ ಔಷಧಿಗಳನ್ನೆಲ್ಲ ಅಂದೇ ಮನೆಯಿಂದ ಹೊರಗೆ ಬೀಗದೊಳಗೆ ಇಡುವಂತೆ ಮಗನಿಗೂ, ಮಾತ್ರೆಗಳನ್ನು ತನ್ನ ಬಳಿಯೇ ಇಟ್ಟುಕೊಳ್ಳುವಂತೆ ಸೊಸೆಗೂ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಇಂಥ ಪ್ರಕರಣವನ್ನು ಮಾತಿನಿಂದಷ್ಟೇ ನಿಭಾಯಿಸಲು ಹೊರಡುವುದು ತಪ್ಪು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಮರೆವಿಗೆ ಬೇರೆ ಕಾರಣವಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಸರಿಯಿತ್ತು, ವಿಟಮಿನ್ ಬಿ12 ಕಡಿಮೆಯಿತ್ತು. ಜೊತೆಗೆ, ನಿದ್ದೆಗೆಂದು ಹಳೆಯ ಚೀಟಿ ತೋರಿಸಿ ಒಂದು ವರ್ಷದಿಂದ ಆಲ್ಪ್ರಜೋಲಾಮ್ ನುಂಗುತ್ತಿದ್ದುದು ಹೊರಬಂತು. ಈ ವಯಸ್ಸಿನಲ್ಲಿ ಆ ಮಾತ್ರೆ ನೆನಪನ್ನು ಮಬ್ಬಾಗಿಸುತ್ತದೆ, ಬೀಳುವ ಅಪಾಯವನ್ನೂ ಹೆಚ್ಚಿಸುತ್ತದೆ; ಥಟ್ಟನೆ ನಿಲ್ಲಿಸಿದರೆ ಇನ್ನೂ ಅಪಾಯ. ವೈದ್ಯರು ಅದನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿ, ಖಿನ್ನತೆಯ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. ಇಂಥ ಔಷಧಿಯಿಂದ ಹಿರಿಯರ ರಕ್ತದಲ್ಲಿ ಸೋಡಿಯಂ ಇಳಿದು ಗೊಂದಲ ಉಂಟಾಗಬಹುದಾದ್ದರಿಂದ ಎರಡು ವಾರದ ನಂತರ ಅದನ್ನು ಪರೀಕ್ಷಿಸಿದರು. ಹತ್ತೇ ದಿನಕ್ಕೆ “ಗುಣ ಕಾಣಲಿಲ್ಲ” ಎಂದು ಬಿಡಬೇಡಿ, ಆರು ವಾರವಾದರೂ ಕಾಯಿರಿ ಎಂದು ಮನೆಯವರಿಗೆ ನಾನು ಒತ್ತಿ ಹೇಳಿದೆ.

ಉಳಿದ ಸಲಹೆ ಮನೆಯೊಳಗಿನದು. ದಿನಕ್ಕೆ ಅರ್ಧ ಗಂಟೆ ಮೆಟ್ಟುಗತ್ತಿಯ ಮುಂದೆ ಕೂರಲಿ, ಎಷ್ಟು ಸುಲಿದರೆಂದು ಯಾರೂ ಲೆಕ್ಕ ಹಾಕಬಾರದು. ಬಂದ ನೆಂಟರ ಎದುರು “ಇದು ಯಾರು ಹೇಳಿ ನೋಡೋಣ” ಎಂದು ಅವರನ್ನು ಪರೀಕ್ಷಿಸಬಾರದು. ಅಮ್ಮನಿಗೆ ನೋವಾದೀತೆಂದು ತಂದೆಯ ಕುರ್ಚಿಯನ್ನು ಅಟ್ಟಕ್ಕೆ ಏರಿಸಿದ್ದರು, ಹೆಸರೆತ್ತುವುದನ್ನೂ ಬಿಟ್ಟಿದ್ದರು. ಕುರ್ಚಿಯನ್ನು ಕೆಳಗಿಳಿಸಿ, ತಂದೆಯ ಮಾತು ತೆಗೆಯಿರಿ, ಅತ್ತರೆ ಅಳಲಿ ಎಂದೆ. ಕುರ್ಚಿಯ ಮಾತಿಗೆ ಮಗನೇ ಮೊದಲು ಅತ್ತುಬಿಟ್ಟ. ಕಿವಿಯ ಪರೀಕ್ಷೆಯನ್ನೂ ಮಾಡಿಸಿದೆವು. ಬಲಗಿವಿ ಮಂದವಾಗಿತ್ತು, ಉತ್ತರ ಕೊಡದಿದ್ದುದಕ್ಕೆ ಅದೂ ಒಂದು ಕಾರಣ.

ನಾಲ್ಕನೆಯ ತಿಂಗಳಿಗೆ ತೂಕ 3 ಕೆ.ಜಿ. ಏರಿತ್ತು, ನಿದ್ದೆ ಐದರವರೆಗೆ ಬರುತ್ತಿತ್ತು. ಹೆಸರುಗಳು ಈಗಲೂ ಆಗಾಗ ತಪ್ಪುತ್ತವೆ. ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಮರೆವಿನೊಡನೆ ಬಂದ ಖಿನ್ನತೆ ಕೆಲವರಲ್ಲಿ ಮುಂದಿನ ಡಿಮೆನ್ಷಿಯಾದ ಮುನ್ಸೂಚನೆಯೂ ಆಗಿರಬಹುದಾದ್ದರಿಂದ, ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ ತಪ್ಪಿಸಬೇಡಿರೆಂದು ಹೇಳಿದ್ದೇನೆ. ಆ ನಾಲ್ಕನೆಯ ತಿಂಗಳ ಭೇಟಿಯಲ್ಲಿ ನಾನು ತಿಂಗಳು ಯಾವುದೆಂದು ಕೇಳಬೇಕಾಗಲಿಲ್ಲ. ಮಾತಿನ ನಡುವೆ ಅವರೇ ಸೊಸೆಯತ್ತ ತಿರುಗಿ, “ಅಪ್ಪೆಮಿಡಿ ಕೊಯ್ಯೋ ಹೊತ್ತಾಯ್ತಲ್ಲ, ಕಲ್ಲುಪ್ಪು ತರಿಸಿದ್ದೀಯಾ?” ಎಂದು ಕೇಳಿದರು.