ನಿಮ್ಮ ಲೇಖನದಲ್ಲಿ ದೋಣಿಯೇ ಇಲ್ಲ

ನಮಸ್ಕಾರ. ಚೀನಾದ ಕಾದಂಬರಿಕಾರ ಶೆನ್ ತ್ಸೊಂಗ್‌ವೆನ್ ಬಗ್ಗೆ ನೀವು ಕಳಿಸಿದ ‘ಹುಟ್ಟೂರಿನ ಆರಾಧಕ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

‘ಮಣ್ಣಿನ ವಾಸನೆ’ ಅನ್ನುವ ಮಾತು ಹನ್ನೊಂದು ಕಡೆ ಬಂದಿದೆ. ಕೂತು ಎಣಿಸಿದೆ. ಅದು ಯಾವ ಮಣ್ಣು ಅಂತ ಮಾತ್ರ ಒಂದು ಕಡೆಯೂ ಹೇಳಿಲ್ಲ. ಹುನಾನ್ ಪ್ರಾಂತ್ಯದ ಪಶ್ಚಿಮದ ಗುಡ್ಡಗಾಡು, ಹೊಳೆ ದಂಡೆಯ ಫೆಂಗ್‌ಹ್ವಾಂಗ್ ಪಟ್ಟಣ. ಹಾನ್, ಮ್ಯಾವ್, ತೂಜಿಯಾ ಜನ ಒಟ್ಟಿಗೆ ಬಾಳುವ ಸೀಮೆ. 1902ರಲ್ಲಿ ಅವರು ಹುಟ್ಟಿದ್ದು ಅಲ್ಲಿ. ಇಷ್ಟು ಮೊದಲ ಪುಟದಲ್ಲೇ ಬರಬೇಕಲ್ವಾ?

ಅವರ ‘ಗಡಿಯೂರು’ ಕಾದಂಬರಿಯ ಬಗ್ಗೆ ಒಂದು ಪುಟ ಬರೆದಿದ್ದೀರಿ, ದೋಣಿಯನ್ನೇ ಬಿಟ್ಟಿದ್ದೀರಿ! ಅಲ್ಲಿ ಹಳ್ಳದ ಆಚೆ ಈಚೆ ಬಿದಿರ ಸೀಳಿನ ಹಗ್ಗ ಕಟ್ಟಿದೆ. ದೋಣಿಯ ಮೂತಿಯಲ್ಲಿ ನಿಲ್ಲಿಸಿದ ಗಳಕ್ಕೆ ಒಂದು ಕಬ್ಬಿಣದ ಬಳೆ. ಅದನ್ನು ಹಗ್ಗಕ್ಕೆ ಸಿಕ್ಕಿಸಿ, ಮುದುಕ ಕೈಯಿಂದ ಕೈಗೆ ಹಗ್ಗ ಎಳೆಯುತ್ತಾ ಜನರನ್ನು ದಾಟಿಸುತ್ತಾನೆ. ಸರ್ಕಾರ ಅಕ್ಕಿ, ಕಾಸು ಕೊಡುತ್ತದೆ, ಹಾಗಾಗಿ ದಾಟುವವರಿಂದ ದುಡ್ಡು ಮುಟ್ಟುವುದಿಲ್ಲ. ಯಾರಾದರೂ ಬಲವಂತವಾಗಿ ಎಸೆದು ಹೋದರೆ ಅದರಲ್ಲಿ ಚಹಾ, ಹೊಗೆಸೊಪ್ಪು ತರಿಸಿ, ದಾಟುವವರಿಗೇ ಹಂಚುತ್ತಾನೆ. ಊರಿನ ಮೇಲಿನ ಪ್ರೀತಿ ಅಂದರೆ ಏನು ಅಂತ ಈ ಹೊಗೆಸೊಪ್ಪೇ ಹೇಳುತ್ತದೆ. ನೀವು ‘ನಿಸ್ವಾರ್ಥ ಗ್ರಾಮೀಣ ಮೌಲ್ಯಗಳು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹಾಂ, ಆ ಮುದುಕನನ್ನು ‘ನಾವಿಕ’ ಎಂದಿದ್ದೀರಿ. ಅವನು ನಾವಿಕ ಅಲ್ಲ ಮಾರಾಯರೇ, ಅಂಬಿಗ. ಇಷ್ಟು ಚೆಂದದ ಮಾತು ಮನೆಯಲ್ಲೇ ಇದೆ.

ಇನ್ನೊಂದು ತಕರಾರು. ನಿಮ್ಮ ಫೆಂಗ್‌ಹ್ವಾಂಗ್ ತೀರಾ ಸಿಹಿ. ಶೆನ್ ಅವರ ಆತ್ಮಕಥೆ ಓದಿ. ಅವರ ಅಜ್ಜಿ ಮ್ಯಾವ್ ಹೆಂಗಸು. ಮ್ಯಾವ್ ತಾಯಿಯ ಮಕ್ಕಳು ಸರ್ಕಾರಿ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಅದಕ್ಕೇ ಮಕ್ಕಳಾದ ಮೇಲೆ ಆಕೆಯನ್ನು ದೂರ ಸಾಗಹಾಕಿ, ಸತ್ತಳು ಅಂತ ತೋರಿಸಲು ಸುಳ್ಳು ಸಮಾಧಿ ಕಟ್ಟಿದರು. ನಾಲ್ಕೈದು ವರ್ಷದ ಶೆನ್ ಆ ಸಮಾಧಿಗೆ ಅಡ್ಡಬಿದ್ದಿದ್ದರು! ನಿಜ ಗೊತ್ತಾಗಿದ್ದು ದೊಡ್ಡವರಾದ ಮೇಲೆ. ಚಕ್ರವರ್ತಿಯ ಆಳ್ವಿಕೆಯ ವಿರುದ್ಧ 1911ರಲ್ಲಿ ಎದ್ದ ದಂಗೆ ಆ ಊರಲ್ಲಿ ಸೋತಾಗ ತಲೆ ಕಡಿಯುವುದು ನಿಲ್ಲಲೇ ಇಲ್ಲ. ಕೊನೆಗೆ ಸೆರೆಸಿಕ್ಕ ಹಳ್ಳಿಗರಿಂದ ದೇವರ ಮುಂದೆ ಬಿದಿರ ತುಂಡು ಎಸೆಯಿಸಿದರು. ಅದು ಬಿದ್ದ ರೀತಿ ನೋಡಿ ಒಬ್ಬನಿಗೆ ಬಿಡುಗಡೆ, ಇನ್ನೊಬ್ಬನಿಗೆ ಕತ್ತಿ. ಇದನ್ನೆಲ್ಲ ಒಂಬತ್ತು ವರ್ಷದ ಹುಡುಗ ನಿಂತು ನೋಡಿದ್ದ. ಇಷ್ಟು ಕಂಡವರು ಆ ಅಂಬಿಗನನ್ನು ಬರೆದರು. ಇದನ್ನು ಮುಚ್ಚಿಟ್ಟು ಅವರ ಊರುಪ್ರೀತಿಯನ್ನು ಹೊಗಳಿದರೆ ಪ್ರವಾಸೋದ್ಯಮದ ಕರಪತ್ರ ಆಗುತ್ತದೆ.

‘ಊರು ಬಿಡದೆ ಬರೆದರು’ ಎಂಬ ಸಾಲು ತಪ್ಪು, ತೆಗೆಯಿರಿ. ಹದಿಹರೆಯದಲ್ಲೇ ಸೈನ್ಯ ಸೇರಿದರು, ಇಪ್ಪತ್ತರ ಆಸುಪಾಸಿನಲ್ಲಿ ಬೀಜಿಂಗ್‌ಗೆ ಹೋದರು. ಊರನ್ನು ಬರೆದದ್ದು ದೂರ ಕೂತು. ‘ಗಡಿಯೂರು’ ಬರೆಯುತ್ತಿದ್ದಾಗ, 1934ರ ಚಳಿಯಲ್ಲಿ, ಕಾಯಿಲೆ ಬಿದ್ದ ತಾಯಿಯನ್ನು ನೋಡಲು ದೋಣಿಯಲ್ಲಿ ಊರಿಗೆ ಹೊರಟರು. ದಾರಿಯುದ್ದಕ್ಕೂ ಹೆಂಡತಿ ಜಾಂಗ್ ಜಾವ್‌ಹೆಗೆ ಪತ್ರ ಬರೆದರು. ಕಾದಂಬರಿಯ ಅಂಬಿಗನ ಮೊಮ್ಮಗಳು ತ್ಸ್ವೇತ್ಸ್ವೇ ಕೂಡ ಪೂರ್ತಿ ಊರಿನವಳಲ್ಲ. ಊರ ಕಡೆಯ ನೂಲಂಗಡಿಯ ಹುಡುಗಿ, ಚಿಂಗ್‌ದಾವ್ ಕಡಲೂರಿನ ಹತ್ತಿರ ಕಂಡ ಒಬ್ಬ ಹುಡುಗಿ, ಜೊತೆಗೆ ಸ್ವಂತ ಹೆಂಡತಿ. ಮೂವರು ಸೇರಿ ಅವಳು ಆದದ್ದು.

ಈಗ ದೊಡ್ಡ ಮಾತು. ‘ಜೀವನಪೂರ್ತಿ ಹುಟ್ಟೂರಿನ ಸಾಹಿತ್ಯಕ್ಕೆ ಮುಡಿಪು’ ಎಂದಿದ್ದೀರಿ. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ 1949ರ ನಂತರ ಅವರು ಕತೆ ಕಾದಂಬರಿ ಹೆಚ್ಚು ಕಡಿಮೆ ನಿಲ್ಲಿಸಿಬಿಟ್ಟರು, ಗೊತ್ತಾ? ಎಡಪಂಥದ ದೊಡ್ಡವರು ಅವರನ್ನು ಹೆಸರು ಹಿಡಿದು ಬೈದಿದ್ದರು. 1949ರಲ್ಲಿ ಶೆನ್ ಪ್ರಾಣ ಕಳೆದುಕೊಳ್ಳಲು ನೋಡಿ, ಬದುಕುಳಿದರು. 1953ರಲ್ಲಿ ಪ್ರಕಾಶಕರು, ನಿಮ್ಮ ಪುಸ್ತಕಗಳು ಕಾಲಕ್ಕೆ ಹೊಂದುವುದಿಲ್ಲ, ಪ್ರತಿಗಳನ್ನೂ ಅಚ್ಚುಗಳನ್ನೂ ನಾಶ ಮಾಡಿದ್ದೇವೆ ಅಂತ ತಿಳಿಸಿದರು. ಅವರು ಬೀಜಿಂಗ್‌ನ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಹಳೆಯ ವಸ್ತುಗಳಿಗೆ ಚೀಟಿ ಬರೆಯುತ್ತಾ, ಬಂದವರಿಗೆ ವಿವರಿಸುತ್ತಾ ದಶಕಗಳನ್ನು ಕಳೆದರು. 1981ರಲ್ಲಿ ಹೊರಬಂದ ಅವರ ದೊಡ್ಡ ಪುಸ್ತಕ ಪ್ರಾಚೀನ ಚೀನೀ ಉಡುಪುಗಳ ಬಗ್ಗೆ. ಇಷ್ಟಕ್ಕೆಲ್ಲ ನಿಮ್ಮಲ್ಲಿ ಅರ್ಧ ಸಾಲು: ‘ಕೆಲಕಾಲ ಬೇರೆ ಕೆಲಸದಲ್ಲಿದ್ದರು’. ನನ್ನನ್ನು ಕೇಳಿದರೆ ನಿಮ್ಮ ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ. ಊರನ್ನು ಬರೆಯುವ ದಾರಿ ಮುಚ್ಚಿಹೋದವನು ಮೂವತ್ತು ವರ್ಷ ಆ ಊರನ್ನು ಏನು ಮಾಡಿಕೊಂಡ? ಪತ್ರಗಳಲ್ಲಿ ಹುಡುಕಿ.

1982ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಕೊನೆಯ ಸಲ ಫೆಂಗ್‌ಹ್ವಾಂಗ್‌ಗೆ ಹೋದರು. ಅಲ್ಲಿ ಮುಖವಾಡದ ನ್ವೊ ಆಟದ ಹಳೆಯ ಹಾಡು ಕೇಳಿ ಅತ್ತರು. 1988ರಲ್ಲಿ ತೀರಿಕೊಂಡರು. ಇದು ಕೊನೆಗೆ ಬರಲಿ. ‘ಯುವಪೀಳಿಗೆಗೆ ಸಂದೇಶ’ ಎಂಬ ಪ್ಯಾರಾ ಪೂರ್ತಿ ಹೊಡೆದುಹಾಕಿ.

ಮುಂದಿನ ತಿಂಗಳು ಹತ್ತನೇ ತಾರೀಕಿನೊಳಗೆ ಕಳಿಸಿದರೆ ಅನುಕೂಲ. ದಯವಿಟ್ಟು ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ. ಹೋದ ಸಲ ಒತ್ತಕ್ಷರ ಎಲ್ಲಾ ಒಡೆದುಹೋಗಿತ್ತು.