ಹಲ್ಲಿನ ಸೆಟ್: ನೆಂಟರು ಹೇಳುವ ಫ್ಲೆಕ್ಸಿಬಲ್ ಸರಿಯೇ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಕೆಳದವಡೆಯಲ್ಲಿ ಮುಂದಿನ ಆರು ಹಲ್ಲು, ಅವುಗಳ ಆಚೀಚೆ ಒಂದೊಂದು ಮಾತ್ರ ಉಳಿದಿವೆ. ಹಿಂದಿನ ಹಲ್ಲು ಕೀಳಿಸಿ ವರ್ಷವಾಯಿತು. ತೆಗೆದು ಹಾಕುವ ಸೆಟ್‌ಗೆ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್), ಫ್ಲೆಕ್ಸಿಬಲ್, ಎರಕದ ಲೋಹ ಎಂದು ಡಾಕ್ಟರು ಮೂರು ಬಗೆ ಹೇಳಿದ್ದಾರೆ. ನೆಂಟರೆಲ್ಲ ‘ಫ್ಲೆಕ್ಸಿಬಲ್ ಮಾಡಿಸಿ, ಕೊಕ್ಕೆ ಕಾಣಿಸಲ್ಲ’ ಅನ್ನುತ್ತಾರೆ. ಅಮ್ಮನಿಗೆ ಎಲೆ ಅಡಿಕೆ ಅಭ್ಯಾಸವಿದೆ.
– ಓದುಗರು, ಶಿವಮೊಗ್ಗ

ಉತ್ತರ: ಉಳಿದ ಹಲ್ಲು ಅಲ್ಲಾಡದಿದ್ದರೆ ಲೋಹದ್ದನ್ನೇ ಮಾಡಿಸಿ. ನಿಮ್ಮ ಅಮ್ಮನ ಸೆಟ್‌ಗೆ ಹಿಂದುಗಡೆ ಆಸರೆಯ ಹಲ್ಲಿಲ್ಲ. ಅಗಿದಾಗ ಬೀಳುವ ಭಾರದಲ್ಲಿ ಒಂದಷ್ಟನ್ನಾದರೂ ಮುಂದಿನ ಹಲ್ಲು ಹೊರಬೇಕು. ಲೋಹದ ಚೌಕಟ್ಟಿನಿಂದ ಚಾಚಿದ ಪುಟ್ಟ ನಾಲಿಗೆಯಂಥ ‘ರೆಸ್ಟ್’ ಹಲ್ಲಿನ ಮೇಲೆ ಕೂತು ಆ ಕೆಲಸ ಮಾಡುತ್ತದೆ. ಫ್ಲೆಕ್ಸಿಬಲ್ ಎಂದರೆ ನೈಲಾನ್ ಜಾತಿಯದು. ಅದಕ್ಕೆ ಸಾಮಾನ್ಯವಾಗಿ ರೆಸ್ಟ್ ಇರುವುದಿಲ್ಲ. ಭಾರವೆಲ್ಲ ಒಸಡಿನ ಮೇಲೆ. ಸೆಟ್ ದಿನೇ ದಿನೇ ಕೆಳಗಿಳಿದು ಪಕ್ಕದ ಹಲ್ಲಿನ ಬುಡದ ಒಸಡನ್ನು ಒತ್ತುತ್ತದೆ, ಅಡಿಯ ಮೂಳೆಯೂ ಸವೆಯುತ್ತದೆ. ಸಡಿಲವಾದಾಗ ಒಳಗೆ ಅಕ್ರಿಲಿಕ್ ತುಂಬಿಸೋಣವೆಂದರೆ ನೈಲಾನಿಗೆ ಅದು ಅಂಟುವುದಿಲ್ಲ. ಬಹಳ ಸಲ ಹೊಸದನ್ನೇ ಮಾಡಿಸಬೇಕಾಗುತ್ತದೆ. ಎಲೆ, ಸುಣ್ಣ, ಅಡಿಕೆಯ ಕರೆಯೂ ಅದಕ್ಕೆ ಬೇಗ ಹಿಡಿಯುತ್ತದೆ, ಮತ್ತೆ ಪಾಲಿಶ್ ಮಾಡುವುದು ಕಷ್ಟ.

ಲೋಹದ ಸೆಟ್‌ನಲ್ಲಿ ನಾಲಿಗೆಯ ಕಡೆ ಸುಮಾರು 4 ಮಿ.ಮೀ. ಎತ್ತರದ ಪಟ್ಟಿ ಹೋಗುತ್ತದೆ. ಅದಕ್ಕೂ ಒಸಡಿನ ಅಂಚಿಗೂ ನಡುವೆ 3 ಮಿ.ಮೀ. ಬಿಡಬೇಕು. ಅಂದರೆ ಒಟ್ಟು 7–8 ಮಿ.ಮೀ. ಜಾಗ ಬೇಕು, ಇಲ್ಲದವರಿಗೆ ಪಟ್ಟಿಯ ಬದಲು ಅಗಲದ ತಗಡು. ರೆಸ್ಟ್ ಕೂರಲು ಹಲ್ಲಿನ ಮೇಲೆ ಸಣ್ಣ ಗುಳಿ ತೋಡುತ್ತಾರೆ. ‘ಒಳ್ಳೆ ಹಲ್ಲು ಕೊರೆದರು’ ಎಂದು ಗಾಬರಿ ಬೇಡ. ಗುಳಿ ತೋಡದೆ ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದರೇ ಕೇಳಬೇಕು. ಹಲ್ಲು ಕೂರಿಸುವ ಭಾಗ ಅಕ್ರಿಲಿಕ್ ಆದ್ದರಿಂದ ಮುಂದೆ ಸಡಿಲವಾದಾಗ ಒಳಗೆ ಅಕ್ರಿಲಿಕ್ ತುಂಬಿಸಬಹುದು. ವರ್ಷಕ್ಕೊಮ್ಮೆ ಸೆಟ್‌ನ ಹಿಂತುದಿಯನ್ನು ಬೆರಳಿನಿಂದ ಒತ್ತಿ ನೋಡಿ: ಮುಂದಿನ ರೆಸ್ಟ್ ಹಲ್ಲಿನಿಂದ ಮೇಲೆದ್ದರೆ ತುಂಬಿಸುವ ಕಾಲ ಬಂದಿದೆ.

ಕೊಕ್ಕೆ ನಕ್ಕಾಗ ಕೊಂಚ ಕಾಣುತ್ತದೆ, ನಿಜ. ಗಿಲೀಟಿನ ಓಲೆಗೆ ಕಿವಿ ತುರಿಸುವವರಾದರೆ ನಿಕ್ಕಲ್ ಇಲ್ಲದ ಕೋಬಾಲ್ಟ್–ಕ್ರೋಮಿಯಂ ಬೇಕೆಂದು ಮೊದಲೇ ಹೇಳಿ.

ಉಳಿದ ಹಲ್ಲು ಅಲ್ಲಾಡುತ್ತಿದ್ದರೆ ಮಾತ್ರ ಅಕ್ರಿಲಿಕ್. ದಪ್ಪ, ಬಿದ್ದರೆ ಒಡೆಯುತ್ತದೆ; ಆದರೆ ಇನ್ನೊಂದು ಹಲ್ಲು ಹೋದರೆ ಅದಕ್ಕೇ ಸೇರಿಸಬಹುದು.

ಇದೆಲ್ಲಕ್ಕೂ ಮೊದಲು, ಅಮ್ಮ ಬಾಯಿ ತೆರೆದಾಗ ಅವರದೇ ಮೂರು ಬೆರಳು ನೆಟ್ಟಗೆ ಹಿಡಿಸುತ್ತವೆಯೇ ನೋಡಿ. ಅಡಿಕೆಯಿಂದ ಕೆನ್ನೆಯ ಒಳಭಾಗ ಗಡುಸಾದವರಿಗೆ ಬಾಯಿ ಅಷ್ಟು ತೆರೆಯುವುದಿಲ್ಲ. ಖಾರಕ್ಕೆ ಉರಿ, ಬಿಳಿ ಕಲೆ ಇದ್ದರೆ ಸೆಟ್ ವಿಚಾರ ಪಕ್ಕಕ್ಕಿಟ್ಟು ಮೊದಲು ಅದನ್ನು ತೋರಿಸಿ. ಬಾಯಿ ಅಷ್ಟು ತೆರೆಯದವರಿಗೆ ಬಗ್ಗದ ಲೋಹ ತೂರಿಸುವುದೇ ಕಷ್ಟ; ಅಲ್ಲಿ ನೆಂಟರ ಫ್ಲೆಕ್ಸಿಬಲ್ಲೇ ಸರಿಹೋಗಬಹುದು.

ಪ್ರಶ್ನೆ: ಲೋಹದ ಸೆಟ್ ಬ್ಲೀಚ್‌ನಲ್ಲಿ ನೆನೆಸಬಹುದೇ?

ಉತ್ತರ: ಬೇಡ, ಲೋಹ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಮೆತ್ತನೆಯ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ತಣ್ಣೀರು ಸಾಕು. ರಾತ್ರಿ ತೆಗೆದು ನೀರಲ್ಲಿಡಿ.