ಹೊಲ ಮಾರಿ ಕೆನಡಾಕ್ಕೆ ಹೋಗಲಾ?

ಪ್ರಶ್ನೆ: ಆಳಂದ ತಾಲೂಕಿನ ರೈತ ನಾನು, ವಯಸ್ಸು 43. ಅಜ್ಜನ ಕಾಲದ 24 ಎಕರೆ ಹೊಲ ಇದೆ, ಪಹಣಿ ಅಪ್ಪನ ಹೆಸರಲ್ಲಿದೆ. ತಮ್ಮ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ, ತಂಗಿಯನ್ನು ಬೀದರಿಗೆ ಕೊಟ್ಟಿದೆ. ಇಪ್ಪತ್ತು ವರ್ಷದಿಂದ ಕಮತ ನನ್ನದೇ. ತೊಗರಿ ಒಂದು ವರ್ಷ ನೆಟೆ ರೋಗಕ್ಕೆ ಹೋಗುತ್ತದೆ, ಇನ್ನೊಂದು ವರ್ಷ ಮಳೆಗೆ. ಚೆನ್ನಾಗಿ ಬಂದ ವರ್ಷ ರೇಟ್ ಬೀಳುತ್ತದೆ. ಹೆಂಡತಿಯ ಅಣ್ಣ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದಾರೆ, ಬಾ ಅಂತಾರೆ. ಹೈದರಾಬಾದಿನ ಏಜೆಂಟ್ ಒಬ್ಬರು ‘ಅನುಭವಿ ರೈತರಿಗೆ ಕೆನಡಾ ಪಿಆರ್ (ಅಲ್ಲೇ ಕಾಯಂ ನೆಲೆಸುವ ಅನುಮತಿ) ಸುಲಭ, ಹೊಲ ಮಾರಿ ಹಣ ತೋರಿಸಿ’ ಅಂತ 6 ಲಕ್ಷ ಮುಂಗಡ ಕೇಳಿದ್ದಾರೆ. ಎಕರೆಗೆ 10 ಲಕ್ಷ ಹಿಡಿದರೂ 2 ಕೋಟಿ 40 ಲಕ್ಷ ಆಗುತ್ತದೆ. ವಿಷಯ ಕೇಳಿದಾಗಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಅಣ್ಣಾ, ಮೊದಲು ಆ 6 ಲಕ್ಷ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಏಜೆಂಟ್ ಹೇಳುತ್ತಿರುವ ದಾರಿ ಒಂದು ಕಾಲದಲ್ಲಿ ಇತ್ತು. ಸ್ವಂತ ಉದ್ಯೋಗ ಮಾಡುವವರಿಗೆ ಅಂತ ಕೆನಡಾದ ಕೇಂದ್ರ ಸರ್ಕಾರ ನಡೆಸುತ್ತಿದ್ದ ಯೋಜನೆಯಲ್ಲಿ ರೈತರೂ ಅರ್ಜಿ ಹಾಕಬಹುದಿತ್ತು. 2018ರ ಮಾರ್ಚ್‌ನಲ್ಲಿ ರೈತರನ್ನು ಅದರಿಂದ ತೆಗೆದರು. ಆಮೇಲೆ ಕಲಾವಿದರು, ಕ್ರೀಡಾಪಟುಗಳಿಗಷ್ಟೇ ಉಳಿದಿತ್ತು, 2024ರ ಏಪ್ರಿಲ್ ಕೊನೆಗೆ ಅದಕ್ಕೂ ಹೊಸ ಅರ್ಜಿ ತೆಗೆದುಕೊಳ್ಳುವುದು ನಿಲ್ಲಿಸಿದರು. ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹೊಲ ಕೊಂಡು ಬೇಸಾಯ ಮಾಡುವವರಿಗೆ ಬೇರೆ ವಿಭಾಗ ಇತ್ತು, 2025ರಲ್ಲಿ ಅದನ್ನೂ ಮುಚ್ಚಿದರು. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಮ್ಯಾನಿಟೋಬಾ ಪ್ರಾಂತ್ಯದ್ದು ಒಂದಿದೆ. ಅದಕ್ಕೆ ಕನಿಷ್ಠ 5 ಲಕ್ಷ ಕೆನಡಾ ಡಾಲರ್ ಆಸ್ತಿ ಬೇಕು, ಅಂದರೆ ನಮ್ಮ 3 ಕೋಟಿಗೂ ಮೇಲೆ. ಅದರಲ್ಲಿ 3 ಲಕ್ಷ ಡಾಲರ್ ಅಲ್ಲಿನ ಬೇಸಾಯಕ್ಕೆ ಹಾಕಬೇಕು. ಜೊತೆಗೆ 3 ವರ್ಷ ಸ್ವಂತ ಹೊಲ ಇಟ್ಟುಕೊಂಡು ಕಮತ ನಡೆಸಿದ ದಾಖಲೆ ಬೇಕು. ಆಲ್ಬರ್ಟಾ ಪ್ರಾಂತ್ಯದ್ದು ಇನ್ನೂ ದುಬಾರಿ, ಹೂಡಿಕೆಯೇ 5 ಲಕ್ಷ ಡಾಲರ್.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 24 ಎಕರೆಯನ್ನೂ ನಿಮ್ಮದೇ ಅಂತ ಹಿಡಿದಿದ್ದೀರಿ. ಆ ಹೊಲ ಪಿತ್ರಾರ್ಜಿತ ಅಂತಾದರೆ ಅಪ್ಪ, ನೀವು, ತಮ್ಮ, ತಂಗಿ, ನಾಲ್ಕು ಪಾಲು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಆಗ ನಿಮ್ಮ ಪಾಲಿಗೆ ಬರುವುದು 6 ಎಕರೆ. ನೀವೇ ಹೇಳಿದ ರೇಟಿನಲ್ಲಿ 60 ಲಕ್ಷ. ಅಪ್ಪನ ಸ್ವಯಾರ್ಜಿತ ಅಂತಾದರೆ ಅವರು ಬದುಕಿರುವವರೆಗೂ ಅದು ಅವರ ಮಾತು. ಎರಡರಲ್ಲೂ ಮ್ಯಾನಿಟೋಬಾದ ಲೆಕ್ಕ ಕೂಡುವುದಿಲ್ಲ.

ಇದಕ್ಕಿಂತ ನನಗೆ ಜಾಸ್ತಿ ಸಂಕಟ ಆಗಿದ್ದು ಇನ್ನೊಂದು ವಿಷಯಕ್ಕೆ. ಕಳೆದ ವರ್ಷ ಗಂಜಿಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ತೊಗರಿ ಹಾಕಿ ಬಂದಾಗ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಕೊಟ್ಟ ಪಟ್ಟಿ ಮನೆಯಲ್ಲಿದ್ದರೆ ತೆಗೆದು ನೋಡಿ. ಎಷ್ಟು ಚೀಲ, ಎಷ್ಟು ತೂಕ, ಯಾವ ರೇಟು, ಹಮಾಲಿ ಕಳೆದು ಕೈಗೆ ಬಂದದ್ದೆಷ್ಟು, ಎಲ್ಲ ಬರೆದಿರುತ್ತದೆ. ಮೇಲೆ ಯಾರ ಹೆಸರಿದೆ? ಅಪ್ಪನದೇ ಇರಬೇಕು. ಪಹಣಿ ಅವರದ್ದಾದ್ದರಿಂದ ಸೊಸೈಟಿ ಸಾಲ, ಬೆಳೆ ವಿಮೆ, ಕಿಸಾನ್ ಸಮ್ಮಾನ್ ಹಣ, ಇವೂ ಅವರ ಹೆಸರಲ್ಲೇ ಇರುತ್ತವೆ. ಇಪ್ಪತ್ತು ವರ್ಷ ಬಿಸಿಲಲ್ಲಿ ದುಡಿದವರು ನೀವು, ಆದರೆ ಕಾಗದದಲ್ಲಿ ನೀವು ರೈತರೇ ಅಲ್ಲ. ಮ್ಯಾನಿಟೋಬಾದವರು ಕೇಳುವುದೂ ಇದೇ ಕಾಗದ. ನಿಮ್ಮ ಪತ್ರದ ಅರ್ಧ ಭಾಗ ರೇಟು, ರೋಗದ ಮೇಲಿನ ಸಿಟ್ಟೇ ಇದೆ, ಆದರೆ ಮನೆಯಲ್ಲಿ ಎಲ್ಲ ಜವಾಬ್ದಾರಿ ನಿಮ್ಮದು, ಯಾವ ಹಕ್ಕೂ ನಿಮ್ಮದಲ್ಲ ಅನ್ನುವ ನೋವೂ ಅದರ ಹಿಂದೆ ಇದೆ ಅಂತ ನನಗೆ ಅನಿಸಿತು. ಹೌದಲ್ವಾ?

ರೇಟಿನ ವಿಷಯಕ್ಕೂ ಒಂದು ಮಾತು. 2023ರ ಡಿಸೆಂಬರಿನಲ್ಲಿ, ಬೇಳೆಯ ಬದಲು ಅಗ್ಗಕ್ಕೆ ಬಳಸುವ ಹಳದಿ ಬಟಾಣಿಯ ಮೇಲಿನ ಸುಂಕ ತೆಗೆದ ಮೇಲೆ ಕೆನಡಾ, ರಷ್ಯಾದಿಂದ ಹಡಗುಗಟ್ಟಲೆ ಬಂದು ಇಳಿಯಿತು, ನಮ್ಮ ತೊಗರಿ ರೈತರು ಅದನ್ನೇ ದೂರಿದರು. ಆದರೆ 2017ರ ನವೆಂಬರಿನಲ್ಲಿ ನಮ್ಮ ಸರ್ಕಾರ ಅದೇ ಬಟಾಣಿಗೆ ಏಕಾಏಕಿ 50 ಪರ್ಸೆಂಟ್ ಸುಂಕ ಹಾಕಿದಾಗ ಅತ್ತಿದ್ದು ಅಲ್ಲಿನ ರೈತರು. ಅಲ್ಲಿಗೆ ಹೋದರೂ ರೇಟು ನಿಮ್ಮ ಕೈಯಲ್ಲಿ ಇರುವುದಿಲ್ಲ. ಅಲ್ಲಿ ಕಮತವೂ ಬೇರೆ ಥರ. ಸಾವಿರಾರು ಎಕರೆ, ಕೋಟಿಗಟ್ಟಲೆ ಬೆಲೆಯ ಯಂತ್ರ, ವರ್ಷಕ್ಕೆ ಒಂದೇ ಬೆಳೆ, ಆಮೇಲೆ ತಿಂಗಳುಗಟ್ಟಲೆ ಹಿಮ. ಮ್ಯಾನಿಟೋಬಾದಲ್ಲಿ ಅಲ್ಲಿ ನೆಲೆಸದ ಹೊರದೇಶದವರು ಸಾಮಾನ್ಯವಾಗಿ 40 ಎಕರೆಗಿಂತ ಜಾಸ್ತಿ ಕೃಷಿ ಜಮೀನು ಇಟ್ಟುಕೊಳ್ಳುವಂತಿಲ್ಲ, ಸಸ್ಕಾಚೆವಾನ್‌ನಲ್ಲಿ 10 ಎಕರೆ. ಜಾರ್ಜಿಯಾ ದೇಶಕ್ಕೆ ಹೊಲ ಕೊಳ್ಳಲು ಹೋದ ಪಂಜಾಬಿನ ರೈತರ ಕಥೆ ಕೇಳಿರಬಹುದು. ಅಲ್ಲಿನ ಸರ್ಕಾರ ಮೊದಲು ಮಾರಾಟಕ್ಕೆ ತಡೆ ಹಾಕಿತು, 2018ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಂವಿಧಾನದಲ್ಲೇ ವಿದೇಶಿಯರಿಗೆ ಸಾಮಾನ್ಯವಾಗಿ ಕೃಷಿ ಜಮೀನು ಇಲ್ಲ ಅಂತ ಬರೆದುಕೊಂಡಿತು.

ಇಲ್ಲಿನ ಕಾನೂನೂ ತಿಳಿದಿರಲಿ. ಒಮ್ಮೆ ಎನ್‌ಆರ್‌ಐ ಆದರೆ ಭಾರತದಲ್ಲಿ ಕೃಷಿ ಜಮೀನು ಕೊಳ್ಳಲು ಬರುವುದಿಲ್ಲ. ಮೊದಲಿನಿಂದ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಅಪ್ಪನಿಂದ ವಾರಸಾಗಿ ಬಂದದ್ದನ್ನೂ ಇಟ್ಟುಕೊಳ್ಳಬಹುದು. ಅಂದರೆ ಹೊಲ ಇಟ್ಟುಕೊಂಡು ಹೋದವರಿಗೆ ವಾಪಸ್ ಬರುವ ದಾರಿ ಇರುತ್ತದೆ. ಮಾರಿ ಹೋದವರು ವಾಪಸ್ ಬಂದು ಇಲ್ಲೇ ನೆಲೆಸಿದ ಮೇಲೇ ಮತ್ತೆ ಕೊಳ್ಳಬೇಕು, ಅದೂ ಆಗಿನ ರೇಟಿಗೆ. ನಿಮ್ಮ ಅಪ್ಪ ಮಾತು ಬಿಟ್ಟಿದ್ದು ಸುಮ್ನೆ ಹಟಕ್ಕಲ್ಲ, ಅವರಿಗೆ ಈ ಭಯ ಇದೆ.

ಹಾಗಾಗಿ ಅಪ್ಪನ ಹತ್ತಿರ ಕೆನಡಾದ ಮಾತು ಎತ್ತಬೇಡಿ. ಪಾಲಿನ ಮಾತು ಎತ್ತಿ. ‘ಮಾರೋದಿಲ್ಲ, ನನ್ನ ಪಾಲು ನನ್ನ ಹೆಸರಿಗೆ ಮಾಡಿಕೊಡಿ ಸಾಕು’ ಅಂತ ಹೇಳಿ, ಆ ಮಾತಿಗೆ ನಿಲ್ಲಿ. ಅದಕ್ಕೂ ಮೊದಲು ತಂಗಿಗೆ, ತಮ್ಮನಿಗೆ ನೀವೇ ಫೋನ್ ಮಾಡಿ, ಅವರಿಗೆ ಬೇರೆಯವರಿಂದ ತಿಳಿಯಬಾರದು. ಒಪ್ಪಿದ ಮೇಲೆ ಸರ್ವೆಯವರಿಂದ 11ಇ ನಕ್ಷೆ (ಪಾಲು ಅಳೆದು ಗುರುತಿಸಿದ ನಕ್ಷೆ), ಪಾಲು ಪತ್ರದ ನೋಂದಣಿ, ಮ್ಯುಟೇಷನ್ (ಪಹಣಿಯಲ್ಲಿ ಹೆಸರು ಬದಲಾವಣೆ). ತಮ್ಮ, ತಂಗಿಯ ಪಾಲನ್ನು ಲಾವಣಿಗೆ ಹಿಡಿಯಲು ಕರ್ನಾಟಕದ ಭೂ ಸುಧಾರಣಾ ಕಾಯ್ದೆ ಸಾಮಾನ್ಯವಾಗಿ ಬಿಡುವುದಿಲ್ಲ, ಅದನ್ನು ಹೇಗೆ ನಡೆಸಬೇಕು ಅಂತ ಮೊದಲು ವಕೀಲರನ್ನು ಕೇಳಿ. ಅಲ್ಲಿಂದ ಮುಂದೆ ಪಟ್ಟಿ, ಬೀಜ ಗೊಬ್ಬರದ ಬಿಲ್ಲು, ಬ್ಯಾಂಕ್ ಖಾತೆ ಎಲ್ಲ ನಿಮ್ಮ ಹೆಸರಲ್ಲಿರಲಿ. ಇಲ್ಲೇ ಇದ್ದರೂ ಇದು ನಿಮಗೆ ಬೇಕು, ಹೋಗುವುದಾದರಂತೂ ಬೇಕೇ ಬೇಕು.

ಏಜೆಂಟರ ಬಗ್ಗೆ ಇಷ್ಟೇ. ಹಣ ತೆಗೆದುಕೊಂಡು ಕೆನಡಾ ವಲಸೆಯ ಅರ್ಜಿ ನಡೆಸಲು ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಸಲಹೆಗಾರರ ಪಟ್ಟಿ ಅಲ್ಲಿನ ಸಲಹೆಗಾರರ ‘ಕಾಲೇಜ್’ ಅನ್ನುವ ನಿಯಂತ್ರಣ ಸಂಸ್ಥೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಇವರ ಹೆಸರಾಗಲಿ, ಕೆನಡಾದ ವಕೀಲರು ಯಾರಾದರೂ ಇವರ ಜೊತೆಗಾಗಲಿ ಇಲ್ಲದಿದ್ದರೆ ಫೋನ್ ಎತ್ತುವುದೇ ಬೇಡ.

ಇಷ್ಟು ದೊಡ್ಡ ಪತ್ರದಲ್ಲಿ ನಿಮ್ಮ ಹೆಂಡತಿಗೆ ಏನು ಬೇಕು ಅಂತ ಒಂದು ಸಾಲೂ ಇಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಕೇಳಿ. ಇಬ್ಬರಿಗೂ ಆಸೆ ಇದ್ದರೆ ಅವರ ಅಣ್ಣನ ಮನೆಗೆ ಅಂತ ವಿಸಿಟರ್ ವೀಸಾ ಹಾಕಿ ಮೇ ತಿಂಗಳಲ್ಲಿ ಹೋಗಿ ಬನ್ನಿ. ಆಗ ನಮ್ಮ ಹೊಲ ಖಾಲಿ ಇರುತ್ತದೆ, ಮ್ಯಾನಿಟೋಬಾದಲ್ಲಿ ಬಿತ್ತನೆ ನಡೆದಿರುತ್ತದೆ. ಬ್ರಾಂಪ್ಟನ್‌ನಲ್ಲೇ ಕೂತು ಬರಬೇಡಿ, ಅಲ್ಲಿಂದ ಮ್ಯಾನಿಟೋಬಾದ ರಾಜಧಾನಿ ವಿನ್ನಿಪೆಗ್‌ಗೆ ವಿಮಾನ ಇದೆ. ಸುತ್ತಮುತ್ತ ಒಂದೆರಡು ಹೊಲಗಳಿಗೆ ಹೋಗಿ, ಬೀಜದಿಂದ ಬ್ಯಾಂಕ್ ಕಂತಿನವರೆಗೆ ಎಕರೆಗೆ ಖರ್ಚೆಷ್ಟು ಅಂತ ಆ ರೈತರನ್ನೇ ಕೇಳಿ ಬರೆದುಕೊಂಡು, ಮುಂಗಾರು ಬಿತ್ತನೆಗೆ ಊರಿಗೆ ಬನ್ನಿ.